ಬೆರಳ ಗೆಣ್ಣಿನ ಜಪ

“ಈಗ ಔಷಧ ಹಾಕಬ್ಯಾಡ,” ಎಂದು ವಿಜಯೀಂದ್ರ ಹೆಂಡತಿಯ ಮಣಿಕಟ್ಟು ಹಿಡಿದ. ಚಮಚೆಯಲ್ಲಿದ್ದ ಗುಲಾಬಿ ಬಣ್ಣದ ಔಷಧ ಹಾಸಿಗೆಯ ಮೇಲೆ ಚೆಲ್ಲಿತು. ಅದೇ ಹಾಸಿಗೆಯಲ್ಲಿ ಐದು ವರ್ಷದ ಮಗಳು ಪ್ರಾಚಿ ಅರೆಗಣ್ಣು ಮಾಡಿಕೊಂಡು ಏನೇನೋ ಬಡಬಡಿಸುತ್ತಿದ್ದಳು.

“ಕೈ ಬಿಡ್ರಿ! ಕೂಸಿನ ಮೈ ಮುಟ್ಟಿ ನೋಡ್ರಿ ಒಮ್ಮೆ, ಕಾದ ಹೆಂಚಾಗ್ಯದ,” ಎಂದಳು ಸಂಪದಾ.

“ಒಂದು ಹತ್ತು ನಿಮಿಷ ತಡಿ ಅಂತೇನಿ. ಜ್ವರ ಇಳೀತಂದ್ರ ಮಾತು ನಿಂತುಬಿಡ್ತದ. ಹೋದ ಸರ್ತಿ ಹಿಂಗ ಬಡಬಡಿಸಿದಾಗನ ನಂಬರ್ ಹೇಳಿದ್ಲು. ಖರೆ ಬಂತು ಇಲ್ಲೋ? ಆಕಿ ಬಾಯಾಗ ದೇವರು ಮಾತಾಡ್ತಾನ.”

ದೇವರಂತೆ ದೇವರು! ಹೋದ ಸಲ ಜ್ವರದ ಕನವರಿಕೆಯಲ್ಲಿ ಮಗು ‘ನಲವತ್ತೇಳು’ ಎಂದಿತ್ತು. ಶಾಲೆಯಲ್ಲಿ ಅಂದು ಬರೆಸಿದ್ದ ಅಂಕಿ ಅದು. ಆ ಸಂಜೆ ಓಸಿ ಜೂಜಿನಲ್ಲಿ ಅದೇ ನಂಬರ್ ಬಿತ್ತು. ಬಾಗಲಕೋಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ, ವಿದ್ಯಾಗಿರಿಯ ಓಣಿಯಲ್ಲೆಲ್ಲ ‘ಸರ್’ ಎನಿಸಿಕೊಳ್ಳುವ ಮನುಷ್ಯನ ತಲೆ ಅಲ್ಲಿಗೆ ಕೆಟ್ಟು ಕೆರ ಹಿಡಿಯಿತು. ಮೊದಲೂ ಆಡುತ್ತಿದ್ದ, ಇಲ್ಲವೆಂದಲ್ಲ. ಆದರೆ ಈಗ ಊಟಕ್ಕೆ ಕೂತರೂ ಮಗಳನ್ನು ಕೆಣಕಿ ಮಾತಾಡಿಸುತ್ತಿದ್ದ. ಅವಳ ಬಾಯಿಂದ ಅಂಕಿ ಬರಲಿಲ್ಲ ಎನ್ನಿ, ಅವಳ ಮಾತಿನಲ್ಲಿ ಎಷ್ಟು ಶಬ್ದ ಇವೆ ಎಂದು ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಎಣಿಸಿ, ಆ ಲೆಕ್ಕವನ್ನೇ ಫೋನಿನಲ್ಲಿ ಓಸಿಗೆ ಬರೆಸಿಬಿಡುತ್ತಿದ್ದ.

ಅವನ ತಾಯಿ ವಿಮಲಾಬಾಯಿಗೆ ಕಂಡದ್ದು ಆ ಬೆರಳಾಟ ಮಾತ್ರ. ಜನಿವಾರ ಹಾಕಿದ ಮಗ ಗೆಣ್ಣು ಎಣಿಸುತ್ತ ತುಟಿ ಅಲ್ಲಾಡಿಸಿದರೆ ಯಾವ ತಾಯಿ ತಾನೇ ಏನು ತಿಳಿದಾಳು? “ಸಂಧ್ಯಾವಂದನಿ ಬಿಟ್ಟು ಕೂತಿದ್ದ, ಅಂತೂ ರಾಯರು ಕಣ್ಣು ಬಿಟ್ರು ನೋಡ್ರಿ. ಈಗ ಕೂತ್ರ ನಿಂತ್ರ ಜಪಾ ಮಾಡ್ತಾನ ನಮ್ಮ ವಿಜು,” ಎಂದು ಮುದುಕಿ ಓಣಿಯ ಹೆಂಗಸರ ಮುಂದೆಲ್ಲ ಹೇಳಿಕೊಂಡು ಬಂದಿದ್ದಳು. ಅದು ಜಪವಲ್ಲ ಎಂದು ಹೇಳಲು ಸಂಪದಾಳಿಗೆ ಬಾಯಿ ಬಂದಿರಲಿಲ್ಲ. ಗಂಡನಿಗೆ ಮಾತ್ರ ಹೇಳಿ ನೋಡಿದ್ದಳು: “ಇದೂ ಒಂದು ಜಡ್ಡ್ರಿ. ಇದಕ್ಕೂ ಡಾಕ್ಟರ್ ಇರ್ತಾರ, ನಾನೂ ಸಂಗಾಟ ಬರ್ತೇನಿ, ನಡೀರಿ.” “ನನಗೇನು ಹುಚ್ಚು ಹಿಡದದೇನು?” ಎಂದು ಅವನು ಎರಡು ದಿನ ಮಾತು ಬಿಟ್ಟಿದ್ದ.

ಈಗ ಅವನು ಮಗಳ ಮುಖದ ಮೇಲೆ ಬಗ್ಗಿ ಕೂತ. “ಹೇಳವಾ ಪುಟ್ಟಿ. ಏನು ಕಾಣಸ್ಲಿಕ್ಕತ್ತದ? ಏನರ ಒಂದು ಹೇಳು.”

ಪ್ರಾಚಿಯ ಕಣ್ಣುಗುಡ್ಡೆಗಳು ಮೇಲಕ್ಕೆ ಸರಿದು ಬಿಳಿ ಮಾತ್ರ ಉಳಿಯಿತು. ಕೈಕಾಲು ಸೆಟೆದವು, ಹಲ್ಲು ಕಚ್ಚಿಕೊಂಡವು, ಪುಟ್ಟ ಮೈ ಅದುರತೊಡಗಿತು. “ಅಯ್ಯಯ್ಯ, ನನ್ನ ಕೂಸು!” ಎಂದು ಸಂಪದಾ ಚೀರಿದಳು. ವಿಜಯೀಂದ್ರ ಚೀರಲಿಲ್ಲ. ಮಗಳ ಬಾಯಿಗೆ ಇನ್ನೂ ಹತ್ತಿರ ಕಿವಿ ಇಟ್ಟ. “ಗಪ್ಪಿರು, ಏನೋ ಅನ್ಲಿಕ್ಕತ್ತಾಳ,” ಎಂದ. ಅವನ ಕಣ್ಣು ಹೊಳೆಯುತ್ತಿದ್ದವು. ಜ್ವರಕ್ಕಿಂತ ಆ ಮುಖಕ್ಕೇ ಸಂಪದಾ ಹೆದರಿದಳು. ಎಲ್ಲಿಂದ ಬಲ ಬಂತೋ, ಗಂಡನನ್ನು ಗೋಡೆಗೆ ನೂಕಿ, ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಬಿಸಿಲಿಗೆ ಓಡಿದಳು. ಸಿಕ್ಕ ಆಟೋ ಹತ್ತಿದಾಗ ಅವನೂ ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿ ಫೋನು ಇತ್ತು.

ದವಾಖಾನೆಯಲ್ಲಿ ಸೂಜಿ ಚುಚ್ಚಿ, ಸಲಾಯಿನ್ ಏರಿಸಿ, ಮೈ ಒರೆಸಿದ ಮೇಲೆ ಅದುರುವುದು ನಿಂತಿತು. “ಜ್ವರ ಇಷ್ಟು ಏರೂತನಕ ಔಷಧ ಯಾಕ ಹಾಕಲಿಲ್ಲ? ಕಲಿತವರಿದ್ದೀರಿ,” ಎಂದು ಡಾಕ್ಟರಮ್ಮ ಗದರಿದಳು. ವಿಜಯೀಂದ್ರ ತಲೆ ತಗ್ಗಿಸಿದ. ಅವನ ಕಣ್ಣಿಂದ ನೀರು ಇಳಿಯಿತು, ಸುಳ್ಳು ನೀರಲ್ಲ. “ತಪ್ಪಾತು ಸಂಪದಾ. ಪುಟ್ಟಿ ಮ್ಯಾಲ ಆಣಿ, ಇನ್ನ ಬಿಟ್ಟೆ,” ಎಂದು ಫೋನನ್ನು ಅವಳ ಕೈಗೆ ಕೊಟ್ಟ. ಸಂಪದಾ ನಂಬಿದಳು. ನಂಬದೆ ಏನು ಮಾಡಿಯಾಳು?

ಸಂಜೆಯ ಹೊತ್ತಿಗೆ ಪ್ರಾಚಿ ಕಣ್ಣು ತೆರೆದಳು. ಮೊದಲು ತಾಯಿಯನ್ನು ನೋಡಿ, ಆಮೇಲೆ ತಲೆದಿಂಬಿನ ಬಳಿ ಕೂತಿದ್ದ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು.

“ಅಪ್ಪಾ, ನಾ ಆರಾಮಾದ್ರ ನೀ ಸಿಟ್ಟಾಗ್ತೀಯೇನು?”

ಸಂಪದಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ವಿಜಯೀಂದ್ರ ಬಿಕ್ಕಿದ. ಒಂದು ಕೈಯಿಂದ ಮಗಳ ತಲೆ ಸವರಿದ. ಇನ್ನೊಂದು ಕೈ ಅವನ ತೊಡೆಯ ಮೇಲಿತ್ತು. ಅದರ ಹೆಬ್ಬೆರಳು ಕಿರುಬೆರಳಿನ ಗೆಣ್ಣು ಮುಟ್ಟಿತು. ಮತ್ತೊಂದು ಗೆಣ್ಣು ಮುಟ್ಟಿತು. ಮುಂದಿನ ಬೆರಳಿಗೆ ಸರಿಯಿತು.

ಗಂಜಿಯ ಡಬ್ಬಿ ಹಿಡಿದು ಒಳಗೆ ಬರುತ್ತಿದ್ದ ವಿಮಲಾಬಾಯಿ ಅದನ್ನು ಕಂಡು ಬಾಗಿಲಲ್ಲೇ ನಿಂತಳು. ಕಣ್ಣು ತುಂಬಿ ಬಂದು, ಆ ಬೆರಳು ನೋಡಿ ಸೆರಗು ಬಿಟ್ಟು ಕೂಗಲು ಬಾಯಿ ತೆರೆದಿದ್ದ ಸೊಸೆಯ ಕಡೆ ಕೈ ಎತ್ತಿದಳು.

“ಶ್! ಮಾತಾಡಿಸಬ್ಯಾಡವಾ. ಮಗಳ ಸಲುವಾಗಿ ಜಪಕ್ಕ ಕೂತಾನ.”