ನೀಲಿಯಾಗದ ಅಂಗೈ

ಲಂಚ ಮುಟ್ಟಿದರೆ ಅಂಗೈ ನೀಲಿಯಾಗುವಂಥ ಲಸಿಕೆಯು ಪ್ರತಿನಿಧಿಗಳಿಗೆ ಕಡ್ಡಾಯವಾಗಿ ಹತ್ತು ವರ್ಷವಾಗಿತ್ತು. ಜಾಗತಿಕ ಮಾನದಂಡ ಮಂಡಳಿಯಲ್ಲಿ ಈಗ ಯಾರೂ ನೀಲಿ ಕೈಯನ್ನು ಬಚ್ಚಿಡುತ್ತಿರಲಿಲ್ಲ.

ವಿಷಗಾಳಿ ತಡೆಯುವ ಮುಖವಾಡದ ಫಿಲ್ಟರ್ ಆರು ತಿಂಗಳಲ್ಲ, ಒಂದು ವರ್ಷ ಬಾಳುತ್ತದೆಂಬ ನಿರ್ಣಯಕ್ಕೆ ಹದಿನೇಳು ನೀಲಿ ಕೈಗಳು ಮೇಲೆದ್ದವು. ಆ ಫಿಲ್ಟರನ್ನು ಸ್ವತಃ ಪರೀಕ್ಷಿಸಿದ್ದ ಕಾರವಾರದ ವಸುಮತಿ ಕಾಮತ್ ಒಬ್ಬರೇ ವಿರೋಧಿಸಿ, ನೀಲಿಯಾಗದ ಕೈ ಎತ್ತಿದರು.

“ನಿಮ್ಮ ಕೈ ಯಾಕ್ರೀ ಹಿಂಗದ? ಲಸಿಕಿ ತಪ್ಪಿಸ್ಕೊಂಡೀರೇನು?” ಎಂದು ಅಧ್ಯಕ್ಷ ಬಸವಂತ ಪಾಟೀಲರು ಗದರಿದರು.

ತನಿಖೆ ಮುಗಿಯುವವರೆಗೆ ವಸುಮತಿಯವರ ಮತವನ್ನು ಅಮಾನತಿನಲ್ಲಿಟ್ಟರು. ನಿರ್ಣಯ ಸರ್ವಾನುಮತದಿಂದ ಗೆದ್ದಿತು.

ವಸುಮತಿ ಹೊರಗೆ ಬಂದು ಮಗಳಿಗೆ ಫೋನ್ ಮಾಡಿದರು.

“ಪುಟ್ಟಿ, ಡಬ್ಬಿ ಮೇಲೆ ಏನೇ ಬರೆದಿರ್ಲಿ, ಫಿಲ್ಟರ್ ಆರು ತಿಂಗಳಿಗೇ ಬದಲಾಯಿಸು.”

“ಆಯ್ತಮ್ಮ. ಆದ್ರೆ ನಮ್ಮ ಕ್ಲಾಸಲ್ಲಿ ಉಳಿದವ್ರಿಗೆಲ್ಲ ಯಾರು ಹೇಳ್ತಾರೆ?”