ಕೇಳಿ ಕೊಡುವ ತಟ್ಟೆ

ಮೊದಲ ಸಲ ಅತ್ತೆಮನೆಗೆ ಊಟಕ್ಕೆ ಬಂದ ಹೊಸ ಅಳಿಯ, ಒಬ್ಬಟ್ಟಿನ ಆಸೆಗೆ ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದ. ಅಡುಗೆಯಾಗುವವರೆಗೆ ಹೊತ್ತು ಹೋಗಲೆಂದು, ತಾನು ತಂದಿದ್ದ ವೈರಿಲ್ಲದ ಚಾರ್ಜರನ್ನು ಅತ್ತೆಗೆ ತೋರಿಸಿದ. ಅಂಗೈಯಗಲದ ತಟ್ಟೆ, ಮೇಲೆ ಫೋನನ್ನೋ ವಾಚನ್ನೋ ಇಟ್ಟರಾಯಿತು.

“ಫೋನಿಗೆ ಕೊಟ್ಟಷ್ಟೇ ಕರೆಂಟು ಈ ಪುಟಾಣಿ ವಾಚಿಗೂ ಕೊಟ್ರೆ ಸುಟ್ಟೋಗಲ್ವಾ ಅಳಿಯಂದ್ರೇ?” ಎಂದರು ಅತ್ತೆ ಪುಟ್ಟನಂಜಮ್ಮ.

“ಇಲ್ಲ ಅತ್ತೆ. ಅದು ಮೊದ್ಲು ಎಷ್ಟು ಬೇಕು ಅಂತ ಕೇಳುತ್ತೆ. ಮೇಲಿಟ್ಟಿದ್ದು ಹೇಳಿದಷ್ಟೇ ಕೊಡುತ್ತೆ. ಸಾಕು ಅಂದ್ರೆ ನಿಲ್ಸುತ್ತೆ, ಬಲವಂತ ಮಾಡಲ್ಲ.”

“ಅಬ್ಬಾ, ನಮಗಿಂತ ಬುದ್ಧಿ ಇದೆ ಬಿಡಿ ಅದಕ್ಕೆ!” ಎಂದು ಪುಟ್ಟನಂಜಮ್ಮ ತಲೆದೂಗಿದರು.

ಊಟಕ್ಕೆ ಕೂತಾಗ ಬಿಸಿ ಒಬ್ಬಟ್ಟು ಬಂತು.

“ಎಷ್ಟು ಹಾಕ್ಲಿ?”

ಹೊಸ ಅಳಿಯ ಎಂದ ಮೇಲೆ ಒಂದಿಷ್ಟು ಸಂಕೋಚ ತೋರಿಸಬೇಕಲ್ಲ. “ಒಂದು ಸಾಕು ಅತ್ತೆ” ಎಂದು ಎಲೆಗೆ ಕೈ ಅಡ್ಡ ಹಿಡಿದ. ಅತ್ತೆ ಆ ಕೈ ಸರಿಸಿ ಇನ್ನೂ ನಾಲ್ಕು ಹಾಕುತ್ತಾರೆಂದು ಕಾದ.

ಅತ್ತೆ ಒಂದೇ ಒಂದು ಹಾಕಿ, ನಗುತ್ತಾ ಉಳಿದದ್ದನ್ನು ಒಳಗೆ ಕೊಂಡೊಯ್ದರು.

ಅಳಿಯ ಅಡುಗೆಮನೆಯತ್ತ ಕತ್ತು ಚಾಚಿ ಕೂಗಿದ:

“ಅತ್ತೆ, ಒಂದು ಮಾತು ಹೇಳೋದೇ ಮರೆತೆ. ಆ ಚಾರ್ಜರು ಮತ್ತೆ ಮತ್ತೆ ಕೇಳ್ತಾನೇ ಇರುತ್ತೆ!”