ಬೇಕೆಂದೇ ಬರೆದ ತಪ್ಪು

ಲೊರೇಟಾ ಸೀಮೆಸುಣ್ಣದ ತುಂಡನ್ನು ಮೆಲ್ಲಗೆ ಸೊಲ್ಬರ್ಗ್ ಮೇಷ್ಟ್ರ ಕಾಫಿ ಕಪ್ಪಿನ ಪಕ್ಕಕ್ಕೆ ಸರಿಸಿದಳು. ಮೇಷ್ಟ್ರು ಅದರತ್ತ ನೋಡಲಿಲ್ಲ. ಅಮೆರಿಕದ ಡುಲೂತ್ ಊರಿನ ಆ ಪುಟ್ಟ ಹೋಟೆಲಿನ ತಿಂಡಿಪಟ್ಟಿಯ ಕರಿಹಲಗೆಯ ಮೇಲೆ, ಅವಳು ಬೆಳಿಗ್ಗೆ ಬರೆದ ‘ಪ್ಯಾನ್‌ಕೇಕ್ಸ್’ ಎಂಬ ಇಂಗ್ಲಿಷ್ ಪದದೊಳಗೆ ಬೇಡದ ಅಪಾಸ್ಟ್ರಫಿ ಚುಕ್ಕೆಯೊಂದು ಎದ್ದು ಕಾಣುತ್ತಿತ್ತು. ಮೊದಲಾಗಿದ್ದರೆ ಮೇಷ್ಟ್ರು ಕೋಟು ಬಿಚ್ಚುವ ಮುಂಚೆಯೇ ಅದನ್ನು ತಿದ್ದಿ, ಎಲ್ಲರಿಗೂ ಕೇಳುವಂತೆ ಪಾಠ ಹೇಳುತ್ತಿದ್ದರು. ಹೆಂಡತಿ ಇಂಗಾಳನ್ನು ಮಣ್ಣು ಮಾಡಿ ಬಂದ ಮೇಲೆ ಅವರು ಬಾಯಿ ಬಿಟ್ಟಿರಲಿಲ್ಲ. ಅಂದಿನಿಂದ ಲೊರೇಟಾ ದಿನವೂ ಬೇಕೆಂದೇ ಒಂದು ತಪ್ಪು ಬರೆಯುತ್ತಿದ್ದಳು.

“ಅಪಾಸ್ಟ್ರಫಿ ಅನ್ನೋದು ಉಪ್ಪಲ್ಲಮ್ಮಾ, ಕಂಡಕಂಡಲ್ಲಿ ಉದುರಿಸೋಕೆ!” ಪಕ್ಕದ ಮೇಜಿನಿಂದ ಲಾರಿ ಓಡಿಸುವ ಮಿಲೊ, ಮೇಷ್ಟ್ರದೇ ಮೂಗುದನಿಯಲ್ಲಿ ಅಣಕಿಸಿದ. “ಬಾಯ್ಮುಚ್ಚೋ ಮಿಲೊ,” ಎಂದಳು ಲೊರೇಟಾ.

ಮೇಷ್ಟ್ರು ಕಪ್ಪನ್ನು ಕೆಳಗಿಟ್ಟರು. ಸೀಮೆಸುಣ್ಣ ಎತ್ತಿಕೊಂಡು, ಹಲಗೆಯ ಬಳಿ ಹೋಗಿ, ಹೆಬ್ಬೆರಳಿನಿಂದ ಆ ಚುಕ್ಕೆಯನ್ನು ಒರೆಸಿದರು. ಬೆನ್ನು ತಿರುಗಿಸಿಕೊಂಡೇ ಹೇಳಿದರು: “ನನ್ನ ಕ್ಲಾಸಲ್ಲಿ ನೀನು ಇಂಥ ತಪ್ಪು ಒಂದೂ ಮಾಡಿದೋಳಲ್ಲ, ಲೊರೇಟಾ.”

ಅವಳ ಕೆನ್ನೆ ಬಿಸಿಯಾಯಿತು. “ಇಲ್ಲ, ಸರ್.”

“ಇಂಗಾನೂ ಹೀಗೇ. ನಾನು ಮುನಿಸ್ಕೊಂಡು ಮಾತು ಬಿಟ್ಟಾಗೆಲ್ಲ ಬೇಕಂತ್ಲೇ ತಪ್ಪುತಪ್ಪಾಗಿ ಮಾತಾಡ್ತಿದ್ಲು, ನಾನು ತಿದ್ದೋಕಾದ್ರೂ ಬಾಯಿ ತೆರೀಲಿ ಅಂತ. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ಲು.” ಮೇಷ್ಟ್ರು ಹಿಂದಿರುಗಿ ಬಂದು ಸೀಮೆಸುಣ್ಣವನ್ನು ಲೊರೇಟಾಳ ಅಂಗೈಗೆ ಹಾಕಿ, ಅವಳ ಬೆರಳುಗಳನ್ನು ಮಡಚಿದರು. “ನಾಳೆನೂ ಒಂದು ತಪ್ಪು ಬರಿಯಮ್ಮಾ.”